ಶಾಂತಿ ನಿರ್ಮಾಣ ಓದುವ ವಿದ್ಯಾರ್ಥಿಗಳಿಗೆ ನೆರವು: ಯಾವ ಸಹಾಯ ಎಲ್ಲಿ ಹೊಂದುತ್ತದೆ?

ಶಾಂತಿ ನಿರ್ಮಾಣ ಮತ್ತು ಸಂಘರ್ಷ ಪರಿಹಾರವನ್ನು ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರಿಗೆ ನೆರವಾಗಬೇಕೆಂದು ಹೊರಡುವ ವ್ಯಕ್ತಿಗಳು, ಹಳೆಯ ವಿದ್ಯಾರ್ಥಿಗಳ ಸಂಘಗಳು ಮತ್ತು ಸಣ್ಣ ದತ್ತಿಸಂಸ್ಥೆಗಳು ಸಾಮಾನ್ಯವಾಗಿ ಮೊದಲು ಯೋಚಿಸುವುದು ಶುಲ್ಕ ತುಂಬುವ ವಿದ್ಯಾರ್ಥಿವೇತನದ ಬಗ್ಗೆ. ಅದು ಯೋಗ್ಯವಾದ ದಾರಿಯೇ ಆದರೂ ಎಲ್ಲ ಮೊತ್ತಕ್ಕೂ ಎಲ್ಲ ದಾನಿಗಳಿಗೂ ಒಗ್ಗುವಂಥದ್ದಲ್ಲ. ಹಗೆತನ ಹಬ್ಬಿದ ಊರುಗಳಿಗೆ ಹೋಗಿ, ಎರಡೂ ಕಡೆಯವರ ಮಾತು ಕೇಳಿ, ಅವರ ಭಾಷೆಯಲ್ಲೇ ಅವರೊಂದಿಗೆ ಕುಳಿತು ಮಾತಾಡಲು ಕಲಿತಾಗ ಮಾತ್ರ ಈ ಓದಿಗೆ ಅರ್ಥ ಬರುತ್ತದೆ. ಆ ಭಾಗಕ್ಕೆ ತಗಲುವ ವೆಚ್ಚ ಮಾತ್ರ ಹೆಚ್ಚಿನ ವಿದ್ಯಾರ್ಥಿವೇತನಗಳ ಲೆಕ್ಕದಲ್ಲಿ ಬರುವುದೇ ಇಲ್ಲ. ಆದ್ದರಿಂದ ಕೈಯಲ್ಲಿರುವ ಹಣ ಮಿತವಾಗಿದ್ದರೆ ತರಗತಿಯ ಶುಲ್ಕಕ್ಕಿಂತ ತರಗತಿಯಿಂದ ಕ್ಷೇತ್ರಕ್ಕೆ ಹೋಗುವ ಹಾದಿಯ ಖರ್ಚನ್ನು ವಹಿಸಿಕೊಳ್ಳುವುದೇ ಮೇಲು ಎಂಬುದು ನನ್ನ ನಿಲುವು. ಹಾಗೇಕೆ, ಮತ್ತು ಯಾವ ಸಂದರ್ಭದಲ್ಲಿ ಬೇರೆ ದಾರಿ ಹಿಡಿಯಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ಹೋಲಿಸಿ ನೋಡಿದ್ದೇನೆ.

ಮೊದಲು ತಿಳಿಯಬೇಕಾದದ್ದು ಓದಿನ ಬಗೆ

ಶಾಂತಿ ಅಧ್ಯಯನ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಶಿಕ್ಷಣ ನಡೆಯುತ್ತದೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ಆರಂಭವಾದ ಶಾಂತಿ ಮತ್ತು ಸಂಘರ್ಷ ಸಂಶೋಧನಾ ವಿಭಾಗ ದತ್ತಾಂಶ ಮತ್ತು ಸಂಶೋಧನಾ ವಿಧಾನಗಳಿಗೆ ಹೆಸರಾದದ್ದು. ಒಂದು ವರ್ಷದಲ್ಲಿ ಕನಿಷ್ಠ 25 ಜನ ಹೋರಾಟದಲ್ಲಿ ಸತ್ತಿದ್ದರೆ ಅದನ್ನು ಸಶಸ್ತ್ರ ಸಂಘರ್ಷವೆಂದು ಎಣಿಸುವ, ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ದತ್ತಾಂಶ ಸಂಗ್ರಹ ಅಲ್ಲಿಯದು. ಬ್ರಿಟನ್ನಿನ ಬ್ರಾಡ್‌ಫೋರ್ಡ್ ವಿಶ್ವವಿದ್ಯಾಲಯದ ಶಾಂತಿ ಅಧ್ಯಯನ ವಿಭಾಗದ ಮೊದಲ ಪ್ರಾಧ್ಯಾಪಕರಾದ ಆಡಮ್ ಕರ್ಲ್ ಅವರು ನೈಜೀರಿಯದ ಅಂತರ್ಯುದ್ಧದ ಸಮಯದಲ್ಲಿ ಸ್ವತಃ ಮಧ್ಯಸ್ಥಿಕೆಯಲ್ಲಿ ತೊಡಗಿದ್ದವರು. ಅಮೆರಿಕದ ಈಸ್ಟರ್ನ್ ಮೆನೊನೈಟ್ ವಿಶ್ವವಿದ್ಯಾಲಯದಂಥ ಕಡೆ ಒತ್ತು ಇರುವುದು ಅಭ್ಯಾಸದ ಮೇಲೆ, ಎಂದರೆ ಮಧ್ಯಸ್ಥಿಕೆ, ಆಘಾತದಿಂದ ಚೇತರಿಕೆ, ಸಮುದಾಯಗಳ ನಡುವಿನ ಸಂವಾದ ಇವುಗಳ ಮೇಲೆ. ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯದಿಂದ 1980ರಲ್ಲಿ ಹುಟ್ಟಿದ ಕೋಸ್ಟ ರಿಕದ ಶಾಂತಿ ವಿಶ್ವವಿದ್ಯಾಲಯ ಅಂತರರಾಷ್ಟ್ರೀಯ ಕಾನೂನು, ಪರಿಸರ, ಲಿಂಗ ಸಮಾನತೆ ಮುಂತಾದ ದಿಕ್ಕುಗಳಿಂದ ಇದೇ ವಿಷಯವನ್ನು ಕಲಿಸುತ್ತದೆ.

ನೆರವು ಕೊಡುವವರಿಗೆ ಈ ವ್ಯತ್ಯಾಸ ಮುಖ್ಯ. ದತ್ತಾಂಶದ ಮೇಲೆ ಕೆಲಸ ಮಾಡುವ ಸಂಶೋಧನಾ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರದ ತರಬೇತಿ, ಉತ್ತಮ ಕಂಪ್ಯೂಟರ್ ಮತ್ತು ಅಡೆತಡೆಯಿಲ್ಲದೆ ಬರೆಯಲು ಕೆಲವು ತಿಂಗಳ ಬಿಡುವು ಬೇಕು. ಮಧ್ಯಸ್ಥಿಕೆ ಕಲಿಯಲು ಬಂದವರಿಗೆ ಬೇಕಾದದ್ದು ಅನುಭವಿಗಳ ಪಕ್ಕದಲ್ಲಿ ಕುಳಿತು ಕಲಿಯುವ ಅವಕಾಶ. ಮೊದಲನೆಯವರಿಗೆ ಪ್ರಯಾಣದ ಖರ್ಚು ಕೊಟ್ಟು ಎರಡನೆಯವರಿಗೆ ಪುಸ್ತಕದ ಖರ್ಚು ಕೊಟ್ಟರೆ ಹಣ ಪೋಲಾಗದಿದ್ದರೂ ಅದರ ಫಲ ಅರ್ಧವಾಗುತ್ತದೆ. ಆದ್ದರಿಂದ ಯಾವ ಯೋಜನೆಯನ್ನು ರೂಪಿಸುವ ಮೊದಲೂ ವಿಭಾಗದ ಅಧ್ಯಾಪಕರೊಡನೆ ಒಮ್ಮೆ, ಕಳೆದ ವರ್ಷ ಓದು ಮುಗಿಸಿದವರೊಡನೆ ಇನ್ನೊಮ್ಮೆ ಮಾತಾಡಬೇಕು. ಇವರಿಬ್ಬರ ಉತ್ತರ ಒಂದೇ ಆಗಿರುವುದು ಅಪರೂಪ. ಹಾಗೆ ಬೇರೆಯಾದಾಗ ಓದು ಮುಗಿಸಿದವರ ಮಾತಿಗೆ ಹೆಚ್ಚು ಬೆಲೆ ಕೊಡುವುದು ಸರಿ.

ಪೂರ್ಣ ವಿದ್ಯಾರ್ಥಿವೇತನ, ಭಾಗಶಃ ವಿದ್ಯಾರ್ಥಿವೇತನ

ಸ್ನಾತಕೋತ್ತರ ಪದವಿಯ ಶುಲ್ಕ, ವಸತಿ, ಊಟ, ಪ್ರಯಾಣ ಎಲ್ಲವನ್ನೂ ಹೊರುವ ಪೂರ್ಣ ವೇತನದ ದೊಡ್ಡ ಗುಣವೆಂದರೆ ಅದು ಬಾಗಿಲು ತೆರೆಯುತ್ತದೆ; ಅದಿಲ್ಲದಿದ್ದರೆ ಬರಲಾಗದವರು ಅದರಿಂದ ಬರುತ್ತಾರೆ. ದೀರ್ಘಕಾಲದಿಂದ ನಡೆಯುತ್ತಿರುವ ಉದಾಹರಣೆ ರೋಟರಿ ಶಾಂತಿ ಫೆಲೋಶಿಪ್. ಅದರ ಮೊದಲ ತಂಡ ಓದು ಆರಂಭಿಸಿದ್ದು 2002ರಲ್ಲಿ. ಸ್ನಾತಕೋತ್ತರ ಪದವಿಗೆ ಆಯ್ಕೆಯಾದವರು ತಮ್ಮ ದೇಶದ ಹೊರಗೆ ಓದಬೇಕು, ಅವರಿಗೆ ಕನಿಷ್ಠ 3 ವರ್ಷಗಳ ಸಂಬಂಧಿತ ಅನುಭವ ಇರಬೇಕು. ಸರ್ಟಿಫಿಕೇಟ್ ಕೋರ್ಸಿಗೆ 5 ವರ್ಷಗಳ ಅನುಭವ ಬೇಕು. ಶುಲ್ಕ ಮತ್ತು ವಾಸದ ಖರ್ಚಿನ ಜೊತೆಗೆ ಇಂಟರ್ನ್‌ಶಿಪ್‌ನ ವೆಚ್ಚವನ್ನೂ ಆ ಫೆಲೋಶಿಪ್ ಲೆಕ್ಕಕ್ಕೆ ತೆಗೆದುಕೊಂಡಿರುವುದು ಅದನ್ನು ರೂಪಿಸಿದವರ ತಿಳಿವಳಿಕೆಗೆ ಸಾಕ್ಷಿ. ರೋಟರಿಯ ಸದಸ್ಯರು ಅದಕ್ಕೆ ಅರ್ಜಿ ಹಾಕುವಂತಿಲ್ಲ ಎಂಬ ನಿಯಮವೂ ಅನುಕರಣೀಯ, ಏಕೆಂದರೆ ಕೊಡುವವರ ಬಳಗಕ್ಕೇ ಹಣ ಮರಳಿ ಹೋಗುವುದನ್ನು ಅದು ತಡೆಯುತ್ತದೆ.

ಇಂಥ ಯೋಜನೆಯೊಂದನ್ನು ಹೊಸದಾಗಿ ಕಟ್ಟುವ ಶಕ್ತಿ ಇಲ್ಲದವರು ಈಗಾಗಲೇ ನಡೆಯುತ್ತಿರುವ ಯೋಜನೆಗೆ ಹಣ ಸೇರಿಸುವುದು ವಿವೇಕ. ಆಯ್ಕೆ, ವೀಸಾ, ವಿಮೆ, ಮೇಲ್ವಿಚಾರಣೆ ಇವೆಲ್ಲಕ್ಕೂ ವ್ಯವಸ್ಥೆ ಇರುವ ಕಡೆ ಸೇರಿಸಿದ ಹಣ ಆಡಳಿತದ ಖರ್ಚಿಗೆ ಕಡಿಮೆ ಸೋರುತ್ತದೆ. ಆದರೆ ಯಾರನ್ನು ಆರಿಸಬೇಕು ಎಂಬುದರಲ್ಲಿ ನಿಮ್ಮ ಮಾತು ಇರುವುದಿಲ್ಲ, ಮತ್ತು ಅನುಭವವನ್ನು ಕಡ್ಡಾಯ ಮಾಡುವ ಫೆಲೋಶಿಪ್‌ಗಳಿಂದ ಹೊಸದಾಗಿ ಪದವಿ ಮುಗಿಸಿದವರು ಹೊರಗೇ ಉಳಿಯುತ್ತಾರೆ. ಅನುಭವ ಗಳಿಸಲು ಹಣವಿಲ್ಲ, ಅನುಭವವಿಲ್ಲದೆ ಹಣ ಸಿಗುವುದಿಲ್ಲ ಎಂಬ ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವರಿಗಾಗಿ ಕೆಲಸ ಮಾಡುವ ಸಂಸ್ಥೆಗಳು ಕಡಿಮೆ, ಸಣ್ಣ ದಾನಿಗಳಿಗೆ ಜಾಗ ಇರುವುದೂ ಅಲ್ಲಿಯೇ.

ಭಾಗಶಃ ವೇತನದ ಬಗ್ಗೆ ನನಗೆ ಹೆಚ್ಚು ಹಿಂಜರಿಕೆ ಇದೆ. ಶುಲ್ಕದ ಅರ್ಧದಷ್ಟನ್ನು ಹತ್ತು ಜನರಿಗೆ ಹಂಚಿದರೆ ವರದಿಯಲ್ಲಿ ಹತ್ತು ಹೆಸರುಗಳು ಕಾಣುತ್ತವೆ, ಆದರೆ ಉಳಿದ ಅರ್ಧವನ್ನು ಹೊಂದಿಸಲು ಸಾಲ ಮಾಡಿದವರು ಓದು ಮುಗಿದ ಮೇಲೆ ಹೆಚ್ಚು ಸಂಬಳದ ಬೇರೆ ಕೆಲಸವನ್ನೇ ಹುಡುಕಬೇಕಾಗುತ್ತದೆ. ಶಾಂತಿ ಕಾರ್ಯದ ಕ್ಷೇತ್ರದಲ್ಲಿ ಆರಂಭದ ಸಂಬಳ ಸಾಲ ತೀರಿಸುವಷ್ಟು ಇರುವುದು ವಿರಳ. ಉಳಿದ ಮೊತ್ತವನ್ನು ವಿಶ್ವವಿದ್ಯಾಲಯವೇ ಭರಿಸಲು ಒಪ್ಪಿದಾಗ, ಅಥವಾ ಕೊನೆಯ ಸೆಮಿಸ್ಟರಿನಲ್ಲಿ ಒಬ್ಬರು ಓದು ನಿಲ್ಲಿಸುವ ಸ್ಥಿತಿಗೆ ಬಂದಾಗ ಮಾತ್ರ ಭಾಗಶಃ ವೇತನ ಅರ್ಥಪೂರ್ಣ. ಹತ್ತು ಜನರಿಗೆ ಅರ್ಧ ಕೊಡುವುದಕ್ಕಿಂತ ಐವರಿಗೆ ಪೂರ್ತಿ ಕೊಡುವುದು ಲೇಸು.

ಕ್ಷೇತ್ರಕಾರ್ಯ ಮತ್ತು ಇಂಟರ್ನ್‌ಶಿಪ್

ಈ ಓದಿನ ಹೆಚ್ಚಿನ ಕಾರ್ಯಕ್ರಮಗಳಲ್ಲಿ ಕೆಲವು ತಿಂಗಳ ಇಂಟರ್ನ್‌ಶಿಪ್ ಇಲ್ಲವೇ ಕ್ಷೇತ್ರಕಾರ್ಯ ಇರುತ್ತದೆ, ಮತ್ತು ಮುಂದಿನ ಕೆಲಸ ಸಿಗುವುದು ಬಹುಪಾಲು ಅದರ ಬಲದಿಂದಲೇ. ಆದರೆ ವಿದ್ಯಾರ್ಥಿಗಳು ಹೆಚ್ಚು ಬಯಸುವ ತಾಣಗಳಲ್ಲೊಂದಾದ ವಿಶ್ವಸಂಸ್ಥೆಯ ಸಚಿವಾಲಯ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ. ಪ್ರಯಾಣ, ವೀಸಾ, ವಿಮೆ, ವಸತಿ ಎಲ್ಲವೂ ಅವರವರದೇ. ನ್ಯೂಯಾರ್ಕ್ ಮತ್ತು ಜಿನೀವಾದಂಥ ದುಬಾರಿ ನಗರಗಳಲ್ಲಿ ತಿಂಗಳುಗಟ್ಟಲೆ ಸ್ವಂತ ಖರ್ಚಿನಲ್ಲಿ ಇರಬಲ್ಲವರು ಯಾರು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 2015ರಲ್ಲಿ ಜಿನೀವಾದಲ್ಲಿ ನ್ಯೂಜಿಲೆಂಡಿನ ಇಂಟರ್ನ್ ಒಬ್ಬರು ಗುಡಾರದಲ್ಲಿ ವಾಸಿಸುತ್ತಿರುವುದು ಜಗತ್ತಿನಾದ್ಯಂತ ಸುದ್ದಿಯಾಯಿತು. ಈ ವ್ಯವಸ್ಥೆಯ ಕಡೆ ಗಮನ ಸೆಳೆಯುವುದೂ ತಮ್ಮ ಉದ್ದೇಶವಾಗಿತ್ತೆಂದು ಅವರೇ ನಂತರ ಹೇಳಿದರು. ಹಾಗಿದ್ದರೂ ಅವರು ಎತ್ತಿ ತೋರಿಸಿದ ಕೊರತೆ ನಿಜವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮುಂತಾದವು ಸ್ಟೈಪೆಂಡ್ ಕೊಡುತ್ತವೆ, ಸಚಿವಾಲಯ ಕೊಡುವುದಿಲ್ಲ. ಇದರ ಪರಿಣಾಮವಾಗಿ ಸಂಘರ್ಷದ ಬಿಸಿ ಅನುಭವಿಸಿದ ನಾಡುಗಳ ವಿದ್ಯಾರ್ಥಿಗಳೇ ಆ ಸಂಘರ್ಷಗಳ ಬಗ್ಗೆ ಮಾತಾಡುವ ಕೋಣೆಗಳಿಂದ ಹೊರಗುಳಿಯುತ್ತಾರೆ. ಇದು ನನ್ನನ್ನು ಆಳವಾಗಿ ಕಾಡುವ ಅನ್ಯಾಯ, ಮತ್ತು ಒಬ್ಬಿಬ್ಬರ ಮಟ್ಟಿಗಾದರೂ ಹಣದಿಂದ ನೇರವಾಗಿ ಸರಿಪಡಿಸಬಹುದಾದ ಅನ್ಯಾಯ.

ಆದ್ದರಿಂದ ಪೂರ್ಣ ವೇತನದಷ್ಟು ಹಣ ಇಲ್ಲದವರಿಗೆ ನಾನು ಮೊದಲು ಸೂಚಿಸುವುದು ಇಂಟರ್ನ್‌ಶಿಪ್ ಸ್ಟೈಪೆಂಡ್. ಸಚಿವಾಲಯದ ಇಂಟರ್ನ್‌ಶಿಪ್‌ಗಳ ಅವಧಿ ಸಾಮಾನ್ಯವಾಗಿ 2ರಿಂದ 6 ತಿಂಗಳು. ಪದವಿಯ ಕೊನೆಯ ವರ್ಷದಲ್ಲಿರುವವರು, ಸ್ನಾತಕೋತ್ತರ ವಿದ್ಯಾರ್ಥಿಗಳು ಹಾಗೂ ಓದು ಮುಗಿದು ಒಂದು ವರ್ಷ ದಾಟದವರು ಅದಕ್ಕೆ ಅರ್ಹರು. ಈ ಒಂದು ವರ್ಷದ ಗಡುವಿನ ಕಾರಣ ಸ್ಟೈಪೆಂಡ್‌ನ ನಿಯಮದಲ್ಲಿ "ಪ್ರಸ್ತುತ ವಿದ್ಯಾರ್ಥಿಯಾಗಿರಬೇಕು" ಎಂದು ಬರೆಯಬಾರದು. ಹಾಗೆ ಬರೆದರೆ ಪದವಿ ಮುಗಿದು ಕೆಲಸ ಇನ್ನೂ ಸಿಗದ, ಅತಿ ಕಷ್ಟದ ತಿಂಗಳುಗಳಲ್ಲಿರುವವರು ಬಿಟ್ಟುಹೋಗುತ್ತಾರೆ.

ದೊಡ್ಡ ಸಂಸ್ಥೆಗಳ ಕಚೇರಿಗಳಿಗೆ ಮಾತ್ರ ವಿದ್ಯಾರ್ಥಿಗಳನ್ನು ಕಳುಹಿಸುವುದೂ ಸರಿಯಲ್ಲ. ಶಾಂತಿ ಕಾರ್ಯದ ಚಿಂತಕ ಜಾನ್ ಪಾಲ್ ಲೆಡರಾಕ್ ಅವರು ಸಮಾಜದ ನಾಯಕತ್ವವನ್ನು ಮೂರು ಹಂತಗಳಲ್ಲಿ ವಿವರಿಸಿ, ಮೇಲಿನ ರಾಜಕೀಯ ನಾಯಕರಿಗೂ ಕೆಳಗಿನ ಜನಸಮುದಾಯಕ್ಕೂ ನಂಟು ಇರಿಸಿಕೊಂಡಿರುವ ನಡುವಿನ ಹಂತದವರ, ಎಂದರೆ ಧಾರ್ಮಿಕ ಮುಖಂಡರು, ಶಿಕ್ಷಕರು, ಸ್ಥಳೀಯ ಸಂಸ್ಥೆಗಳನ್ನು ನಡೆಸುವವರ, ಮಹತ್ವವನ್ನು ಒತ್ತಿ ಹೇಳಿದ್ದಾರೆ. ಅಂಥವರ ಕೈಕೆಳಗೆ ಆರು ತಿಂಗಳು ಕೆಲಸ ಮಾಡಿದ ವಿದ್ಯಾರ್ಥಿ ಕಲಿಯುವುದು ರಾಜಧಾನಿಯ ಕಚೇರಿಯಲ್ಲಿ ಟಿಪ್ಪಣಿ ಬರೆದವರಿಗೆ ದಕ್ಕದ ಪಾಠ. ಅಲ್ಲಿ ಖರ್ಚೂ ಕಡಿಮೆ. ಆದರೆ ವಿದ್ಯಾರ್ಥಿಗೆ ಕೆಲಸ ಕಲಿಸುವ ಹೊರೆ ಆ ಸಣ್ಣ ಸಂಸ್ಥೆಯ ಮೇಲೆ ಬೀಳುತ್ತದೆ ಎಂಬುದನ್ನು ಮರೆಯದೆ, ಸ್ಟೈಪೆಂಡ್‌ನ ಜೊತೆಗೆ ಸಂಸ್ಥೆಗೂ ಒಂದು ಪಾಲನ್ನು ಕೊಡಬೇಕು.

ಕ್ಷೇತ್ರಕಾರ್ಯಕ್ಕೆ ಹಣ ಕೊಡುವವರು ಸುರಕ್ಷತೆಯ ಹೊಣೆಯನ್ನೂ ಹೊರಬೇಕು. 2016ರ ಆರಂಭದಲ್ಲಿ ಕೈರೋದಲ್ಲಿ ಸ್ವತಂತ್ರ ಕಾರ್ಮಿಕ ಸಂಘಗಳ ಕುರಿತು ಸಂಶೋಧನೆ ನಡೆಸುತ್ತಿದ್ದ ಕೇಂಬ್ರಿಜ್ ವಿಶ್ವವಿದ್ಯಾಲಯದ ಡಾಕ್ಟರೇಟ್ ವಿದ್ಯಾರ್ಥಿಯೊಬ್ಬರು ಕಣ್ಮರೆಯಾಗಿ, ಚಿತ್ರಹಿಂಸೆಗೊಳಗಾಗಿ ಕೊಲೆಯಾದರು. ಸಮಾಜ ವಿಜ್ಞಾನದ ಕ್ಷೇತ್ರಕಾರ್ಯ ಎಷ್ಟು ಅಪಾಯಕಾರಿಯಾಗಬಲ್ಲದು ಎಂಬುದನ್ನು ಆ ಸಾವು ಎಲ್ಲ ವಿಶ್ವವಿದ್ಯಾಲಯಗಳಿಗೂ ತಿಳಿಸಿತು. ಸಂಘರ್ಷ ಪ್ರದೇಶವನ್ನು ಹೊರಗಿಡದ ವಿಮೆ, ಹೋಗುವ ಮುನ್ನ ಸುರಕ್ಷತಾ ತರಬೇತಿ, ನಿಗದಿತ ಹೊತ್ತಿಗೆ ಮೇಲ್ವಿಚಾರಕರೊಡನೆ ಸಂಪರ್ಕ, ಸಂದರ್ಶನ ಕೊಟ್ಟವರ ಗುರುತನ್ನು ಕಾಪಾಡುವ ವ್ಯವಸ್ಥೆ ಇವುಗಳಿಗೆ ಹಣ ಬೇಕು. ಅದನ್ನು ಕೊಡಲಾಗದವರು ಪ್ರಯಾಣದ ಟಿಕೆಟ್ಟನ್ನೂ ಕೊಡಬಾರದು. ಪರಿಸ್ಥಿತಿ ಬಿಗಡಾಯಿಸಿ ವಿದ್ಯಾರ್ಥಿ ನಡುವೆಯೇ ಮರಳಿದರೆ ಅನುದಾನವನ್ನು ಹಿಂದೆ ಕೇಳುವುದಿಲ್ಲ ಎಂಬ ಮಾತು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ. ಹಣ ಹಿಂದಿರುಗಿಸಬೇಕಾದೀತೆಂಬ ಭಯಕ್ಕೆ ಯಾರೂ ಅಪಾಯದ ಜಾಗದಲ್ಲಿ ಉಳಿಯುವಂತಾಗಬಾರದು.

ವಿದ್ಯಾರ್ಥಿಗಳ ಸ್ವಂತ ಯೋಜನೆಗಳು

ವಿದ್ಯಾರ್ಥಿಗಳೇ ಯೋಚಿಸಿ ನಡೆಸುವ ಸಣ್ಣ ಶಾಂತಿ ಯೋಜನೆಗಳಿಗೆ ಅನುದಾನ ಕೊಡುವುದು ಇನ್ನೊಂದು ದಾರಿ. ಅಮೆರಿಕದ ದಾನಿ ಕ್ಯಾಥರಿನ್ ಡೇವಿಸ್ ಅವರು ತಮ್ಮ ನೂರನೆಯ ಹುಟ್ಟುಹಬ್ಬದ ಹಿನ್ನೆಲೆಯಲ್ಲಿ 2007ರಲ್ಲಿ ಆರಂಭಿಸಿದ ಶಾಂತಿ ಯೋಜನೆಗಳ ಕಾರ್ಯಕ್ರಮ ಇದಕ್ಕೆ ಮಾದರಿ. ಬೇಸಿಗೆ ರಜೆಯಲ್ಲಿ ಕೈಗೊಳ್ಳುವ ಒಂದೊಂದು ಯೋಜನೆಗೂ 10,000 ಡಾಲರ್ ಕೊಡುವುದು ಅದರ ಕ್ರಮ. ತಾನೇ ಬಜೆಟ್ ಬರೆದು, ಜನರನ್ನು ಸೇರಿಸಿ, ಎಡವಿ ಕಲಿಯುವ ಅವಕಾಶ ವಿದ್ಯಾರ್ಥಿಗೆ ಇದರಿಂದ ಸಿಗುತ್ತದೆ.

ಆದರೂ ಕ್ಷೇತ್ರಕಾರ್ಯದ ಸ್ಟೈಪೆಂಡ್‌ಗೆ ಹೋಲಿಸಿದರೆ ಇದನ್ನು ನಾನು ಎರಡನೆಯ ಸ್ಥಾನದಲ್ಲಿ ಇಡುತ್ತೇನೆ. ಒಡೆದ ಸಮುದಾಯದೊಳಕ್ಕೆ ಹೊರಗಿನ ಹಣ ಬಂದೊಡನೆ ಅದು ಯಾರ ಕೈಗೆ ಹೋಯಿತು, ಯಾರಿಗೆ ಸಿಗಲಿಲ್ಲ ಎಂಬ ಲೆಕ್ಕ ಶುರುವಾಗುತ್ತದೆ, ಮತ್ತು ಒಳ್ಳೆಯ ಮನಸ್ಸಿನ ನೆರವು ಸಹ ಇರುವ ಬಿರುಕನ್ನು ಅಗಲಿಸಬಲ್ಲದು. ನೆರವಿನ ಕೆಲಸದಲ್ಲಿ "ಮೊದಲು ಹಾನಿ ಮಾಡಬೇಡ" ಎಂಬ ತತ್ವ 1990ರ ದಶಕದಿಂದ ಗಟ್ಟಿಯಾಗಿ ಬೇರೂರಿದ್ದು ಇಂಥ ಅನುಭವಗಳಿಂದಲೇ. ಎರಡು ತಿಂಗಳಿಗೆ ಬಂದು ಹೋಗುವ ವಿದ್ಯಾರ್ಥಿಗೆ ಆ ಲೆಕ್ಕ ಕಾಣದಿರುವ ಸಾಧ್ಯತೆ ಹೆಚ್ಚು. ಯೋಜನೆ ಸ್ಥಳೀಯ ಸಂಸ್ಥೆಯೊಂದರ ನಡೆಯುತ್ತಿರುವ ಕೆಲಸದ ಭಾಗವಾಗಿದ್ದು, ವಿದ್ಯಾರ್ಥಿ ಹೋದ ಮೇಲೂ ಅದನ್ನು ಮುಂದುವರಿಸುವವರು ಇದ್ದರೆ ಧಾರಾಳವಾಗಿ ಕೊಡಬಹುದು. ವಿದ್ಯಾರ್ಥಿ ಆ ಊರಿನವರೇ ಆಗಿದ್ದರೆ ಇನ್ನೂ ಒಳ್ಳೆಯದು.

ಸಣ್ಣ ಮೊತ್ತಕ್ಕೆ ಹೊಂದುವ ನೆರವುಗಳು

ಕಡಿಮೆ ಹಣದಲ್ಲಿ ಹೆಚ್ಚು ಉಪಕಾರವಾಗುವುದು ತುರ್ತು ನಿಧಿಯಿಂದ. ಸಂಘರ್ಷದ ನಾಡಿನಿಂದ ಬಂದ ವಿದ್ಯಾರ್ಥಿಯ ಓದನ್ನು ನಿಲ್ಲಿಸುವ ಸಂಗತಿಗಳು ಬೇರೆಯವರಿಗೆ ಊಹೆಗೂ ಸಿಗುವುದಿಲ್ಲ. 2023ರ ಏಪ್ರಿಲ್ 15ರಂದು ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಯುದ್ಧ ಆರಂಭವಾದಾಗ ಅಲ್ಲಿನ ವಿಶ್ವವಿದ್ಯಾಲಯಗಳು ಮುಚ್ಚಿದವು, ಬ್ಯಾಂಕುಗಳ ವ್ಯವಹಾರ ಕುಸಿಯಿತು. ಅಂಥ ಹೊತ್ತಿನಲ್ಲಿ ದೂರದ ದೇಶದಲ್ಲಿ ಓದುತ್ತಿರುವವರಿಗೆ ಮನೆಯಿಂದ ಹಣ ಬರುವುದು ನಿಲ್ಲುತ್ತದೆ, ಅಂಕಪಟ್ಟಿ ತರಿಸುವುದು ಅಸಾಧ್ಯವಾಗುತ್ತದೆ, ವೀಸಾ ನವೀಕರಣಕ್ಕೆ ಬೇಕಾದ ಕಾಗದಗಳು ಸಿಗುವುದಿಲ್ಲ. ಒಂದು ತಿಂಗಳ ಬಾಡಿಗೆ, ವೀಸಾ ಶುಲ್ಕ, ವಕೀಲರ ಸಲಹೆ ಇಷ್ಟು ಸಿಕ್ಕರೆ ಎರಡು ವರ್ಷದ ಓದು ಉಳಿಯುತ್ತದೆ. ಈ ನಿಧಿಯ ತೀರ್ಮಾನ ವಾರದೊಳಗೆ ಆಗಬೇಕು. ಸಮಿತಿ ಸೇರುವ ತನಕ ಕಾಯಬೇಕಾದ ನಿಧಿಯನ್ನು ತುರ್ತು ನಿಧಿ ಎನ್ನಲಾಗದು. ಬೆದರಿಕೆಗೆ ಸಿಲುಕಿದ ವಿದ್ಯಾರ್ಥಿಗಳನ್ನು ಸುರಕ್ಷಿತ ದೇಶಕ್ಕೆ ಕರೆತರುವ ಕೆಲಸ ಮಾತ್ರ ಸಣ್ಣ ನಿಧಿಗಳ ಶಕ್ತಿಗೆ ಮೀರಿದ್ದು. ಅದಕ್ಕೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸೇವೆ 2021ರಲ್ಲಿ ತಂದ ಹಿಲ್ಡ ಡೋಮಿನ್ ಕಾರ್ಯಕ್ರಮದಂಥವುಗಳನ್ನು ಸಂಪರ್ಕಿಸಲು ನೆರವಾಗುವುದೇ ಮೇಲು.

ಆಪ್ತಸಮಾಲೋಚನೆಯ ವಿಚಾರವನ್ನು ದಾನಿಗಳು ಕಡೆಗಣಿಸುವುದೇ ಹೆಚ್ಚು. ಹತ್ಯಾಕಾಂಡದ ಸಾಕ್ಷ್ಯಗಳನ್ನು ದಿನವಿಡೀ ಓದುವವರಿಗೆ, ಬದುಕುಳಿದವರ ಕತೆ ಕೇಳುವವರಿಗೆ ಆ ನೋವು ತಮ್ಮೊಳಗೂ ಇಳಿಯುತ್ತದೆ. ಸ್ವತಃ ಹಿಂಸೆಯನ್ನು ಕಂಡು ಬಂದವರಿಗೆ ಹಳೆಯ ಗಾಯ ಮತ್ತೆ ಕೆರಳುತ್ತದೆ. ವಿಶ್ವವಿದ್ಯಾಲಯದ ಸಾಮಾನ್ಯ ಆಪ್ತಸಮಾಲೋಚಕರು ಪರೀಕ್ಷೆಯ ಆತಂಕಕ್ಕೆ ಸಿದ್ಧರಿರುತ್ತಾರೆಯೇ ಹೊರತು ಇದಕ್ಕಲ್ಲ. ವಿದ್ಯಾರ್ಥಿಯ ಭಾಷೆ ಬಲ್ಲ, ಆಘಾತದ ಚಿಕಿತ್ಸೆಯಲ್ಲಿ ಪಳಗಿದ ಒಬ್ಬರನ್ನು ವಾರಕ್ಕೆ ಕೆಲವು ಗಂಟೆಗಳ ಮಟ್ಟಿಗೆ ನೇಮಿಸುವುದು ಒಂದು ವಿಭಾಗಕ್ಕೆ ಕೊಡಬಹುದಾದ ಅತ್ಯಂತ ಅಮೂಲ್ಯ ಕೊಡುಗೆ ಎಂದು ನಾನು ನಂಬಿದ್ದೇನೆ.

ಭಾಷೆ ಕಲಿಯಲು ಕೊಡುವ ನೆರವು ಸರಳ ಮತ್ತು ಫಲ ಖಚಿತ: ದುಭಾಷಿಯ ಮೂಲಕ ಕೇಳಿದ ಮಾತಿಗೂ ನೇರವಾಗಿ ಕೇಳಿದ ಮಾತಿಗೂ ಅಜಗಜಾಂತರ. ಮಾರ್ಗದರ್ಶಕರಾಗುವುದಕ್ಕೆ ಹಣವೇ ಬೇಡ, ಸಮಯ ಬೇಕು; ತಿಂಗಳಿಗೊಮ್ಮೆ ತಪ್ಪದೆ ಮಾತಾಡಲಾಗದವರು ಆ ಹೊಣೆಯನ್ನು ಒಪ್ಪಿಕೊಳ್ಳಬಾರದು.

ದತ್ತಿನಿಧಿಯೋ, ವರ್ಷವರ್ಷದ ಕೊಡುಗೆಯೋ

ಶಾಶ್ವತ ದತ್ತಿನಿಧಿಗಳಿಂದ ವರ್ಷಕ್ಕೆ ಸಾಮಾನ್ಯವಾಗಿ ಶೇಕಡ 4ರಿಂದ 5ರಷ್ಟನ್ನು ಮಾತ್ರ ಖರ್ಚಿಗೆ ತೆಗೆಯುತ್ತಾರೆ. ಶೇಕಡ 4ರ ಲೆಕ್ಕದಲ್ಲಿ ವರ್ಷಕ್ಕೆ 10,000 ಡಾಲರ್ ಬೇಕಾದರೆ 2,50,000 ಡಾಲರ್ ಮೂಲಧನ ಇಡಬೇಕು. ಅದೇ ಹಣವನ್ನು ಹತ್ತು ವರ್ಷಗಳಲ್ಲಿ ಖರ್ಚು ಮಾಡಿದರೆ ವರ್ಷಕ್ಕೆ 25,000 ಡಾಲರ್ ಸಿಗುತ್ತದೆ. ಹೆಸರು ಉಳಿಯಬೇಕೆಂಬ ಆಸೆಗೆ ದತ್ತಿನಿಧಿ ಸರಿ. ಇವತ್ತಿನ ಯುದ್ಧಗಳಿಂದ ಹೊರಬರಲು ಜನ ಬೇಕು ಎನ್ನುವವರಿಗೆ ಗಡುವಿರುವ ನಿಧಿಯೇ ಹೆಚ್ಚು ಹೊಂದುತ್ತದೆ. ಆದರೆ ಪ್ರತಿ ವರ್ಷ ಹಣ ಬರುವುದೋ ಇಲ್ಲವೋ ಎಂಬ ಅನಿಶ್ಚಿತತೆ ಎರಡು ವರ್ಷದ ಓದಿಗೆ ಬಂದವರನ್ನು ಬಲಿ ತೆಗೆದುಕೊಳ್ಳಬಾರದು: ಒಬ್ಬರನ್ನು ಆರಿಸುವ ದಿನವೇ ಅವರ ಓದು ಮುಗಿಯುವಷ್ಟು ಹಣ ಬ್ಯಾಂಕಿನಲ್ಲಿ ಇರಬೇಕು. 1984ರಲ್ಲಿ ಅಮೆರಿಕದ ಕಾಂಗ್ರೆಸ್ ಸ್ಥಾಪಿಸಿದ, ಡಾಕ್ಟರೇಟ್ ವಿದ್ಯಾರ್ಥಿಗಳಿಗೂ ಫೆಲೋಶಿಪ್ ಕೊಡುತ್ತಿದ್ದ ಶಾಂತಿ ಸಂಸ್ಥೆಯ ಸಿಬ್ಬಂದಿಯ ಬಹುಪಾಲನ್ನು 2025ರ ಮಾರ್ಚ್‌ನಲ್ಲಿ ಒಮ್ಮೆಲೇ ತೆಗೆದುಹಾಕಲಾಯಿತು. ಒಂದೇ ಮೂಲವನ್ನು ನಂಬಿದ ವಿದ್ಯಾರ್ಥಿಗೆ ಏನಾಗಬಹುದೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಯಾರನ್ನು ಆರಿಸುವುದು, ಅವರನ್ನು ಹೇಗೆ ಕಾಪಾಡುವುದು

ಲೈಬೀರಿಯದ ಲೇಮಾ ಬೋವಿ ಅವರು 2003ರಲ್ಲಿ ಮುಸ್ಲಿಂ ಮತ್ತು ಕ್ರೈಸ್ತ ಮಹಿಳೆಯರನ್ನು ಒಟ್ಟುಗೂಡಿಸಿ ಯುದ್ಧ ನಿಲ್ಲಿಸುವ ಚಳವಳಿಯನ್ನು ಮುನ್ನಡೆಸಿ, ಆಮೇಲೆ ಈಸ್ಟರ್ನ್ ಮೆನೊನೈಟ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಸ್ನಾತಕೋತ್ತರ ಪದವಿ ಪಡೆದು, 2011ರಲ್ಲಿ ನೊಬೆಲ್ ಶಾಂತಿ ಪುರಸ್ಕಾರವನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು. ಅವರು ವಿಶ್ವವಿದ್ಯಾಲಯಕ್ಕೆ ಬಂದದ್ದು ಕೆಲಸ ಮಾಡಿದ ಮೇಲೆ, ಒಳ್ಳೆಯ ಅಂಕಗಳ ಬಲದಿಂದ ಮಾತ್ರವೇ ಅಲ್ಲ. ಅಂಕಪಟ್ಟಿ ಮತ್ತು ಇಂಗ್ಲಿಷ್ ಪ್ರಬಂಧದ ಮೇಲೆ ಮಾತ್ರ ಆಯ್ಕೆ ನಡೆದರೆ ಸಿಗುವವರು ಹೆಚ್ಚಾಗಿ ರಾಜಧಾನಿಯ, ಅನುಕೂಲಸ್ಥ ಮನೆಗಳ ಮಕ್ಕಳು. ಅರ್ಜಿಯನ್ನು ಮಾತೃಭಾಷೆಯಲ್ಲಿ ಬರೆಯಲು ಬಿಡುವುದು, ಸಮುದಾಯದಲ್ಲಿ ಮಾಡಿದ ಕೆಲಸಕ್ಕೆ ಅಂಕದಷ್ಟೇ ತೂಕ ಕೊಡುವುದು, ಒಂದೇ ಸಂಘರ್ಷದ ಎರಡೂ ಬದಿಯವರನ್ನು ಒಂದೇ ವರ್ಷ ಆರಿಸಲು ಯತ್ನಿಸುವುದು ಇವೆಲ್ಲ ಆಯ್ಕೆಯ ರೀತಿಯನ್ನು ಬದಲಿಸುತ್ತವೆ. ಭದ್ರತಾ ಮಂಡಳಿಯ 2015ರ ನಿರ್ಣಯ 2250 ಯುವಜನರೆಂದು ಗುರುತಿಸಿದ್ದು 18ರಿಂದ 29 ವಯಸ್ಸಿನವರನ್ನು; ಆದರೆ ಯುದ್ಧದಿಂದಾಗಿ ಓದು ಕೆಲವು ವರ್ಷ ತಡವಾದವರನ್ನು ಆ ಮಿತಿಯ ನೆಪದಲ್ಲಿ ಬಿಡಬಾರದು.

ಪ್ರಚಾರದ ವಿಷಯದಲ್ಲಿ ಈ ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳಂತಲ್ಲ. ದಾನಿಯ ಹೆಸರಿನ ಫಲಕದ ಮುಂದೆ ನಿಂತ ಒಂದು ಭಾವಚಿತ್ರ, ಊರಿಗೆ ಮರಳಿದ ಮೇಲೆ "ಇವರು ಹೊರಗಿನವರ ಏಜೆಂಟ್" ಎಂಬ ಆರೋಪಕ್ಕೆ ಪುರಾವೆಯಾಗಬಲ್ಲದು. ಹೆಸರು, ಚಿತ್ರ, ಊರು ಯಾವುದನ್ನೂ ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಬಳಸಬಾರದು, ಮತ್ತು ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳುವ ಹಕ್ಕು ಅವರಿಗಿರಬೇಕು. ಪ್ರಬಂಧದ ವಿಷಯವನ್ನು ಸೂಚಿಸುವುದು, ತೀರ್ಮಾನಗಳ ಬಗ್ಗೆ ಮೊದಲೇ ಮಾಹಿತಿ ಕೇಳುವುದು ಕೂಡ ಇದೇ ಬಗೆಯ ಹಾನಿ ಮಾಡುತ್ತದೆ; ಎರಡೂ ಕಡೆಯವರ ನಂಬಿಕೆ ಗಳಿಸಬೇಕಾದವರ ಬೆನ್ನ ಹಿಂದೆ ಯಾರ ನೆರಳೂ ಇರಬಾರದು.

ಕೊನೆಯದಾಗಿ ಪಾವತಿಯ ಕ್ರಮ. ಮೊದಲು ಸ್ವಂತ ಹಣ ಖರ್ಚು ಮಾಡಿ ರಸೀದಿ ಕಳುಹಿಸಿದರೆ ಮರಳಿ ಕೊಡುತ್ತೇವೆ ಎಂಬ ಪದ್ಧತಿ ಖರ್ಚು ಮಾಡಲು ಹಣ ಇರುವವರಿಗೆ ಮಾತ್ರ ಉಪಯೋಗ. ಟಿಕೆಟ್, ವಿಮೆ ಮತ್ತು ಮೊದಲ ಎರಡು ತಿಂಗಳ ಬಾಡಿಗೆಯ ಮೊತ್ತ ವಿದ್ಯಾರ್ಥಿ ಮನೆ ಬಿಡುವ ಮೊದಲೇ ಕೈಸೇರಬೇಕು. ಉಳಿದದ್ದನ್ನು ತಿಂಗಳ ಮೊದಲ ದಿನವೇ ಕೊಡಬೇಕು. ನಗದು ವ್ಯವಹಾರವೇ ನಡೆಯುವ, ರಸೀದಿ ಎಂಬುದು ಸಿಗದ ಊರುಗಳಲ್ಲಿ ಕೈಬರಹದ ಲೆಕ್ಕವನ್ನು ಒಪ್ಪಿಕೊಳ್ಳಬೇಕು, ಮತ್ತು ಆ ಲೆಕ್ಕದಲ್ಲಿ ಸಂದರ್ಶನ ಕೊಟ್ಟವರ ಹೆಸರು ಬರೆಯುವಂತೆ ಎಂದೂ ಕೇಳಬಾರದು.